ಮಿಂಚುಹುಳ ಹೊತ್ತ ಓಲೆ

ಬಹಳ ಹಿಂದೆ, ಏಳು ಬಾಗಿಲು ಮುಚ್ಚಿದ ಕೋಟೆಯೊಂದರಲ್ಲಿ ಕುರುಡು ರಾಣಿಯೊಬ್ಬಳಿದ್ದಳಂತೆ. ಮದ್ದು ಬರೆದ ಓಲೆ ಹೊತ್ತು ಒಂದು ಮಿಂಚುಹುಳ ಹೊರಟಿತಂತೆ. ಲಕ್ಷ್ಮಿಬಾಯಿ ಈ ಕಥೆಯನ್ನು ಎಂದೂ ಮುಗಿಸಿರಲಿಲ್ಲ. ಹುಳ ಒಳಹೊಕ್ಕಿತೋ ಇಲ್ಲವೋ ಎಂದು ಮೊಮ್ಮಗಳು ರೂಪಾಲಿ ಕೇಳಿದರೆ, "ನೀನ ನೋಡಿ ಹೇಳು" ಎನ್ನುತ್ತಿದ್ದಳು.

ಈಗ ಅಜ್ಜಿ ನಿಪ್ಪಾಣಿಯ ಕಾಲೇಜೊಂದರ ಲ್ಯಾಬಿನ ಕತ್ತಲ ಕೋಣೆಯಲ್ಲಿ, ಸೂಕ್ಷ್ಮದರ್ಶಕದ ಮುಂದೆ ಕೂತಿದ್ದಳು. ವಂಶದ ರೋಗ ಅವಳ ನೋಟವನ್ನು ಕೀಲಿಯ ತೂತಿನಷ್ಟಕ್ಕೆ ಇಳಿಸಿತ್ತು. ಅದೂ ಹೆಚ್ಚು ದಿನ ಉಳಿಯದೆಂದು ಡಾಕ್ಟರು ಹೇಳಿದ್ದರು.

ಬೆಳಕು ಸೂಸುವ ನ್ಯಾನೋ ಕಣಗಳಿಗೆ ಸರಿಯಾದ ಜೀನನ್ನು ಅಂಟಿಸಿ ಕಣ್ಣಿನ ಜೀವಕೋಶದೊಳಗೆ ಕಳಿಸಲು ರೂಪಾಲಿ ಎರಡು ವರ್ಷದಿಂದ ಹೆಣಗಿದ್ದಳು. ಹದಿಮೂರು ಸಲವೂ ಕಣಗಳು ಹೊರಗೇ ಹೊಳೆಯುತ್ತ ಉಳಿದವು. ಒಳಹೊಕ್ಕ ದಿನ ಮೊದಲು ನಿನಗೇ ತೋರಿಸುತ್ತೇನೆಂದು ಅಜ್ಜಿಗೆ ಮಾತು ಕೊಟ್ಟಿದ್ದಳು. ಅಂದಿನಿಂದ ಅಜ್ಜಿ, ತನ್ನೂರು ಬೇಡಕಿಹಾಳದ ಕಬ್ಬಿನ ನಡುವೆ ಇದ್ದೂ, ಆ ದಿನ ಬರುವವರೆಗೆ ತಿನ್ನೆನೆಂದು ಬೆಲ್ಲ ಬಿಟ್ಟಿದ್ದಳು. ಈ ಬೆಳಿಗ್ಗೆ, ಕೋಶ ಬೆಳೆಸಿದ ಹದಿನಾಲ್ಕನೆಯ ತಟ್ಟೆಯಲ್ಲಿ, ಒಂದೇ ಒಂದು ಕೋಶದೊಳಗೆ, ಹಸಿರು ಚುಕ್ಕಿ ಕಂಡಿತ್ತು. ಸುದ್ದಿ ಕೇಳಿದ್ದೇ ಅಜ್ಜಿ ಸೆರಗಿನಲ್ಲಿ ಬೆಲ್ಲದ ಚೂರು ಕಟ್ಟಿಕೊಂಡು ಬಸ್ಸು ಹತ್ತಿದ್ದಳು.

"ಕಾಣವಲ್ದು ತಂಗಿ. ಬರೇ ಕತ್ತಲ ಐತಿ," ಎಂದಳು ಅಜ್ಜಿ.

"ಇನ್ನಷ್ಟ ಬಗ್ಗಿ ನೋಡಬೇ ಆಯಿ!"

"ಕಣ್ಣ ಕಿತ್ತು ಅದರಾಗ ಇಡ್ಲೇನ?"

ರೂಪಾಲಿಯ ಕೈ ದೀಪದ ಗುಂಡಿಗೆ ಹೋಯಿತು. "ಬೆಳಕ ಹೆಚ್ಚ ಮಾಡ್ತೀನಿ. ಕೋಶ ಸತ್ತರ ಸಾಯಲಿ."

"ಅವಕ್ಕ ಜೀವ ಐತೇನ?"

"ಐತಿ."

ಜೈನರ ನೇಮದಂತೆ ನೀರನ್ನೂ ಬಟ್ಟೆಯಲ್ಲಿ ಸೋಸಿ ಕುಡಿಯುವ ಅಜ್ಜಿ ಎದ್ದೇಬಿಟ್ಟಳು. "ನನ್ನ ಸಲುವಾಗಿ ಒಂದೂ ಸಾಯಬಾರ್ದು. ನಡಿ ಊರಿಗೆ."

"ಇವತ್ತ ಬಿಟ್ರ ಇನ್ಯಾವಾಗ ನೋಡ್ತಿ ಆಯಿ?" ರೂಪಾಲಿ ಅಜ್ಜಿಯ ತೋಳು ಹಿಡಿದಳು.

ಅಜ್ಜಿ ಅವಳತ್ತ ತಿರುಗಿದಳು. "ಒಳಗ ಬರುವಾಗ ಒಂದ ಕೈಲೆ ನನ್ನ ಹಿಡದಿದ್ದಿ, ಇನ್ನೊಂದ ಕೈಲೆ ಗ್ವಾಡಿ ಸವರತಿದ್ದಿ. ಸಪ್ಪಳ ಕೇಳ್ತು. ಕಣ್ಣ ಮಬ್ಬಾಗಾಕ ಹತ್ತಿದಾಗ ನಾನೂ ಹಿಂಗ ಸುರು ಮಾಡಿದ್ದೆ. ಯಾವಾಗಿಂದ?"

ಯಾರಿಗೂ ಹೇಳಿರದ ಮಾತು. "ದೀಪಾವಳಿಯಿಂದ."

ಅಜ್ಜಿ ತಡಕಿ ಮತ್ತೆ ಕೂತಳು. "ಹಂಗಾರ ತೋರ್ಸು. ಸಾಯಿಸದಂಗ ತೋರ್ಸು."

ರೂಪಾಲಿ ದೀಪ ತಗ್ಗಿಸಿ ಸೂಕ್ಷ್ಮದರ್ಶಕದ ಕ್ಯಾಮೆರಾ ತೆರೆದಿಟ್ಟಳು. ಆ ಮಂದ ಬೆಳಕು ಹನಿಹನಿಯಾಗಿ ಕೂಡಿಕೊಳ್ಳಬೇಕಿತ್ತು. ಒಂದು ನಿಮಿಷ, ಎರಡು, ಐದು. ತಟ್ಟೆಯಿಂದ ಮನುಷ್ಯರ ಕಣ್ಣಿನವರೆಗೆ ಇನ್ನೆಷ್ಟು ವರ್ಷವೋ. ಹೊರಗೆ ಹೊತ್ತು ಇಳಿಯುತ್ತಿತ್ತು. ಸೂರ್ಯ ಮುಳುಗಿದ ಮೇಲೆ ಅಜ್ಜಿ ಏನನ್ನೂ ತಿನ್ನುವವಳಲ್ಲ.

ಹೊತ್ತು ಮುಳುಗುವ ಮುನ್ನ ಮಾನಿಟರಿನಲ್ಲಿ ಚಿತ್ರ ಮೂಡಿತು. ರೂಪಾಲಿ ಅಜ್ಜಿಯ ಗಲ್ಲ ಹಿಡಿದು, ಆ ಪುಟ್ಟ ನೋಟವನ್ನು ಕೋಶದ ಬೂದು ಅಂಚಿನಿಂದ ಮೆಲ್ಲಗೆ ಒಳಕ್ಕೆ ಸರಿಸಿದಳು.

"ತಡಿ. ಹಸರ ಐತಲ್ಲ?"

"ಹೌದ."

"ಒಳಗ ಐತಲ್ಲ?"

"ಒಳಗ ಐತಿ ಆಯಿ."

ಅಜ್ಜಿ ಸೆರಗಿನ ಗಂಟು ಬಿಚ್ಚಿ ಬೆಲ್ಲವನ್ನು ಎರಡಾಗಿ ಮುರಿದಳು. ಒಂದು ಚೂರನ್ನು ಬಾಯಿಗೆ ಹಾಕಿಕೊಂಡಳು. ಇನ್ನೊಂದನ್ನು ಹಿಡಿದ ಕೈ ಕತ್ತಲಲ್ಲಿ ಮೊಮ್ಮಗಳ ಬಾಯನ್ನು ಹುಡುಕಿತು.