ಏಳನೆಯ ಸಾಲು

ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಗಂಡನ ಅಂಗಿಯ ಕಾಲರನ್ನು ಅರ್ಧಕ್ಕೇ ಬಿಟ್ಟು, ಅವಳು ಮತ್ತೆ ಪೆನ್ನು ಹಿಡಿದಳು. ಏಳನೆಯ ಸಾಲು ಇನ್ನೂ ಸ್ಪಷ್ಟವಾಗಬೇಕು. ಇನ್ನೆರಡು ಮಾತು ಸೇರಿಸಿದಳು. ನಿನ್ನೆ ಮೂರು ಸಾಲಿನಷ್ಟಿದ್ದದ್ದು ಈಗ ಉಬ್ಬಿ ಐದು ಸಾಲಾಗಿತ್ತು.

ನಲವತ್ತನಾಲ್ಕಕ್ಕೆ ಐಟಿ ಡಿಗ್ರಿಗೆ ಸೇರಿದವಳು ಅವಳು. ಕೋಡಿಂಗ್ ಪೇಪರುಗಳೆಲ್ಲ ಸಲೀಸಾಗಿ ದಾಟಿದವು. ಹೋದದ್ದು ಸಂವಹನದ ಪೇಪರು. "ಕಂಪ್ಯೂಟರ್ ಜೊತೆ ಮಾತಾಡೋಕೆ ಬಂತು, ಮನುಷ್ಯರ ಜೊತೆ ಬರಲಿಲ್ವಾ?" ಎಂದು ಗಂಡ ನಕ್ಕಿದ್ದ. ಅವಳೂ ನಕ್ಕಿದ್ದಳು, ಆದರೆ ಆ ಮಾತು ಮುಳ್ಳಿನಂತೆ ಒಳಗೇ ಉಳಿದಿತ್ತು. ಎರಡನೆಯ ಸಲವೂ ಹೋದರೆ ಕೊನೆಯ ವರ್ಷಕ್ಕೆ ಬಾಗಿಲು ಮುಚ್ಚಿದಂತೆ.

ಈ ಸಲ ಆ ಪೇಪರಿಗೆ ಕೊಟ್ಟ ಕೆಲಸ ನೋಡಲು ಸಣ್ಣದು. ಫೋನಿನಲ್ಲಿ ಡಾಕ್ಟರ ಸಮಯ ಕಾಯ್ದಿರಿಸುವುದು ಹೇಗೆಂದು ಒಂದು ಪುಟ ಬರೆಯಬೇಕು. ಎಂದೂ ಆ ಕೆಲಸ ಮಾಡದ ಒಬ್ಬರು ಅದನ್ನು ಓದಿಕೊಂಡೇ ಮಾಡಿ ಮುಗಿಸಬೇಕು. ಬರೆದವರು ಪಕ್ಕದಲ್ಲಿ ಕೂರಬಹುದು, ಬಾಯಿ ಬಿಡುವಂತಿಲ್ಲ, ಬೆರಳು ತೋರಿಸುವಂತಿಲ್ಲ. ಮಾಡಿದವರು ಪುಟದ ಕೆಳಗೆ ತಮ್ಮ ಕೈಯಾರೆ ಎರಡು ಮಾತು ಬರೆದು ಸಹಿ ಹಾಕಬೇಕು. ನಾಳೆ ಹತ್ತಕ್ಕೆ ಒಪ್ಪಿಸಬೇಕು. ನಿನ್ನೆ ಎರಡು ಸಲವೂ ಅತ್ತೆ ಏಳನೆಯ ಸಾಲಿನವರೆಗೆ ಬಂದು ಕೈಚೆಲ್ಲಿದ್ದರು.

"ಬಾರಮ್ಮ ಮೇಡಂ, ಶುರು ಮಾಡೋಣ," ಎಂದು ಅತ್ತೆ ಕನ್ನಡಕ ಏರಿಸಿ ಮೇಜಿನ ಮುಂದೆ ಕೂತರು. ಮೂವತ್ತು ವರ್ಷ ಬಟ್ಟೆ ಅಂಗಡಿಯಲ್ಲಿ ಅಳತೆಗೆ ತಕ್ಕಂತೆ ಬಟ್ಟೆ ಕತ್ತರಿಸಿದ ಕೈ. ಗೆರೆ ಇದ್ದಲ್ಲಿ ಮಾತ್ರ ಕತ್ತರಿ ಹೋಗುತ್ತಿತ್ತು, ಊಹೆಯ ಮೇಲೆ ಒಂದು ಎಳೆಯನ್ನೂ ಅವರು ಕತ್ತರಿಸಿದವರಲ್ಲ. "ಬಾಯಿಗೆ ಬೀಗ ನೆನಪಿರಲಿ. ಹೂಂ ಅಂತಾನೂ ಅನ್ನಬೇಡ. ಮದುವೆಯಾಗಿ ಬಂದ ಹೊಸದರಲ್ಲಿ ನೀನು ಹೀಗೇ ಸುಮ್ಮನಿರ್ತಿದ್ದೆ, ಆಮೇಲೆ ಆ ಸೊಸೆ ಎಲ್ಲಿ ಹೋದಳೋ!"

ಅವಳು ತುಟಿ ಬಿಗಿಹಿಡಿದಳು. ನಿನ್ನೆಯೆಲ್ಲ ಅವಳ ಕಣ್ಣು ತಾನು ಬರೆದ ಕಾಗದದ ಮೇಲೇ ಇತ್ತು. ಇವತ್ತು ಅತ್ತೆಯ ಮುಖ ನೋಡಿದಳು.

ಒಂದು, ಎರಡು, ಮೂರು. ಆರನೆಯ ಸಾಲಿನಲ್ಲಿ ಕಣ್ಣಿನ ಡಾಕ್ಟರ ಹೆಸರು ಒತ್ತಿದರು. ಏಳಕ್ಕೆ ಬಂದರು. ಪದಪದದ ಕೆಳಗೂ ಬೆರಳಿಟ್ಟು, ತುಟಿ ಆಡಿಸುತ್ತ ಆ ಐದೂ ಸಾಲು ಓದಿದರು. ತಲೆ ಎತ್ತಿದಾಗ ಪರದೆ ಕಪ್ಪಾಗಿತ್ತು. ಮತ್ತೆ ಒಂದನೆಯ ಸಾಲಿಗೆ ಹೋದರು. ಮತ್ತೆ ಏಳು. ಮತ್ತೆ ಕಪ್ಪು. ಅವಳು ಕೂತ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮೂರನೆಯ ಸಲಕ್ಕೆ ಅತ್ತೆ ಫೋನು ಕೆಳಗಿಟ್ಟರು. "ನನ್ನ ಕೈಲಾಗಲ್ಲ ಕಣೇ. ನಾನು ಓದೋದು ನಿಧಾನ. ಬೇರೆ ಯಾರನ್ನಾದ್ರೂ ಕೂರಿಸ್ಕೋ, ನನ್ನಿಂದ ನಿನ್ನ ಓದು ಹಾಳಾಗೋದು ಬೇಡ."

"ಪರೀಕ್ಷೆ ನಿಂತಿತಲ್ಲ, ಈಗ ಮಾತಾಡ್ತೀನಿ," ಎಂದಳು ಅವಳು. "ನಿಧಾನ ನಿಮ್ಮ ತಪ್ಪಲ್ಲ ಅತ್ತೆ. ನನಗೆ ಇದೆಲ್ಲ ಬಾಯಿಪಾಠ, ಓದೋಕೆ ಕಣ್ಣು ತಗ್ಗಿಸಲೇ ಇಲ್ಲ. ಅದಕ್ಕೇ ನನ್ನೆದುರು ಪರದೆ ಒಂದು ಸಲಾನೂ ಆರಲಿಲ್ಲ. ಅರ್ಥವಾಗ್ತಿಲ್ಲ ಅಂದ್ಕೊಂಡು ಉದ್ದ ಮಾಡ್ತಾ ಹೋದೆ. ಉದ್ದ ಮಾಡಿದಷ್ಟೂ ನೀವು ಓದಿ ಮುಗಿಸೋ ಮೊದಲೇ ಪರದೆ ಆರಿಹೋಯ್ತು. ಆದ್ರೆ ಪ್ರತಿ ಸಲ ಮೊದಲಿಂದ ಯಾಕೆ ಶುರು ಮಾಡಿದ್ರಿ?"

"ಆರಿಹೋಯ್ತಲ್ಲ! ಮಾಡಿದ್ದೆಲ್ಲ ಹೋಯ್ತು ಅಂತ ತಾನೇ?"

ಅವಳು ಹಣೆ ಚಚ್ಚಿಕೊಂಡಳು. ಅತ್ತೆಗೆ ನಗು ಬಂತು. "ನಮ್ಮ ಅಂಗಡೀಲಿ ಹೊಸಬರಿಗೆ ಕಾಗದದ ಮೇಲೆ ಅಡ್ಡಗೀಟು ಹಾಕಿ ಕೊಡ್ತಿದ್ವಿ. ಇಲ್ಲಿ ಕತ್ತರಿ ನಿಲ್ಲಿಸು, ಉಸಿರಾಡು, ಬಟ್ಟೆ ಎಲ್ಲೂ ಓಡಿಹೋಗಲ್ಲ ಅಂತ."

ಅವಳು ಹೊಸ ಹಾಳೆ ತೆಗೆದಳು. ಐದು ಸಾಲನ್ನು ನಾಲ್ಕು ತುಂಡು ಮಾಡಿದಳು. ಒಂದೊಂದರ ಕೆಳಗೂ ಅಡ್ಡಗೀಟು. ಎಲ್ಲಕ್ಕಿಂತ ಮೇಲೆ ಬರೆದಳು: ಓದುವಾಗ ಪರದೆ ಕಪ್ಪಾದರೆ ಹೆದರಬೇಡಿ. ಮಾಡಿದ್ದು ಹಾಗೇ ಇರುತ್ತದೆ. ಬಲಬದಿಯ ಗುಂಡಿ ಒತ್ತಿ, ನಿಂತ ಗೀಟಿನಿಂದಲೇ ಮುಂದೆ ಹೋಗಿ.

ಈ ಸಲ ಪರದೆ ಎರಡು ಸಲ ಆರಿತು. ಎರಡು ಸಲವೂ ಅತ್ತೆ ಗತ್ತಿನಿಂದ ಗುಂಡಿ ಒತ್ತಿದರು. ಫೋನು ಟಿಣ್ ಎಂದಿತು: ಗುರುವಾರ, ಹನ್ನೊಂದೂವರೆ, ಕಣ್ಣಿನ ತಪಾಸಣೆ.

ಅತ್ತೆ ಎದ್ದವರೇ ಕಿಟಕಿಗೆ ಹೋಗಿ ಪಕ್ಕದ ಮನೆಯಾಕೆಯನ್ನು ಕೂಗಿದರು. "ಏ ಅಕ್ಕಾ, ಡಾಕ್ಟರ ಟೈಮು ನಾನೇ ತಗೊಂಡೆ, ನಾನೇ! ನಮ್ಮ ಸೊಸೆ ಬರೆದಿದ್ದಾಳೆ, ಕೈ ಹಿಡಿದು ನಡೆಸಿದ ಹಾಗೆ. ನಿಮಗೂ ಬೇಕಾದ್ರೆ ಹೇಳಿ, ಓದಿ ಹೇಳ್ತೀನಿ."

ಇಪ್ಪತ್ತೆರಡು ವರ್ಷದಲ್ಲಿ ಆ ದನಿಯಲ್ಲಿ 'ನಮ್ಮ ಸೊಸೆ' ಎಂದದ್ದನ್ನು ಅವಳು ಕೇಳಿರಲಿಲ್ಲ. ಮುಖ ಬಿಸಿಯಾಯಿತು. ಕಾಲರಿನ ಕಡೆ ತಿರುಗಿಕೊಂಡಳು.

ಅತ್ತೆ ಪುಟದ ಕೆಳಗೆ ದುಂಡಗೆ ಬರೆದರು: ಯಾರನ್ನೂ ಕೇಳದೆ ಮಾಡಿದೆ. ಸಹಿ ಹಾಕಿ, ಅದರ ಕೆಳಗೂ ಒಂದು ಅಡ್ಡಗೀಟು ಎಳೆದರು.

ಇಸ್ತ್ರಿ ಮತ್ತೆ ಬಿಸಿಯಾಗುವವರೆಗೆ ಅವಳು ಆ ಅಕ್ಷರಗಳನ್ನೇ ನೋಡಿದಳು. ಕೊನೆಯ ವರ್ಷದ ಪ್ರಾಜೆಕ್ಟಿನ ಮಾತು ನೆನಪಾಯಿತು. "ಆಂಟಿ, ವರದಿ ನೀವು ಬರೀರಿ, ಕೋಡ್ ನಾವು ನೋಡ್ಕೋತೀವಿ," ಎಂದು ತರಗತಿಯ ಹುಡುಗಿಯರು ಆಗಲೇ ಹಂಚಿಬಿಟ್ಟಿದ್ದರು. ಅವಳೂ ತಲೆಯಾಡಿಸಿ ಬಂದಿದ್ದಳು.

"ಏನೇ, ಒಬ್ಬಳೇ ನಗ್ತಿದ್ದೀಯಾ?" ಎಂದರು ಅತ್ತೆ.

"ಏನಿಲ್ಲ ಅತ್ತೆ, ಕಾಲರ್ ಸುಟ್ಟೀತು ಅಂತ."

ವರದಿ ಯಾರಾದರೂ ಬರೆಯಲಿ. ನಿಧಾನವಾಗಿ ಓದುವವರಿಗೆ ಆರದೆ ಕಾದು ನಿಲ್ಲುವ ಪರದೆಯ ಕೋಡನ್ನು ತಾನೇ ಬರೆಯುವುದೆಂದು, ಕಾಲರಿನ ಕೊನೆಯ ಮಡಿಕೆಯ ಮೇಲೆ ಇಸ್ತ್ರಿ ಒತ್ತುತ್ತ, ಅವಳು ನಿರ್ಧರಿಸಿಬಿಟ್ಟಳು.