ತಳದಲ್ಲಿ ಕುಳಿತ ಔಷಧಿ

ಮಧ್ಯಾಹ್ನ ರಕ್ತಪರೀಕ್ಷೆಯ ವರದಿ ಬಂತು. ಅಣ್ಣನ ಮಗಳು, ಆರು ವರ್ಷದ ಪುಟ್ಟಿಯ ರಕ್ತದಲ್ಲಿ ಮೂರ್ಛೆರೋಗದ ಔಷಧಿ ಮಿತಿಮೀರಿತ್ತು. ಎರಡು ದಿನದಿಂದ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು. ಮಾತು ತೊದಲುತ್ತಿತ್ತು. ಡಾಕ್ಟರು ಔಷಧಿ ನಿಲ್ಲಿಸಿ ಅವಳನ್ನು ವಾರ್ಡಿಗೆ ಸೇರಿಸಿಕೊಂಡರು. ಎಷ್ಟೆಷ್ಟು ಕುಡಿಸಿದ್ದೀರಿ, ಯೋಚಿಸಿ ಹೇಳಿ ಎಂದು ಕೇಳಿ ಹೋದರು.

"ಎರಡೆರಡು ಸಲ ಕೊಟ್ಟಿರ್ತೀಯ. ನಿಂಗೆ ಮರೆವು ಜಾಸ್ತಿ," ಎಂದ ಅಣ್ಣ.

"ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕೋರು ನೀವು. ಮರೆವು ನಂಗಾ?"

ಅತ್ತಿಗೆಯ ಮಾತಿನಲ್ಲಿ ಎಂದಿನ ಖಾರವಿತ್ತು, ಜೋರು ಇರಲಿಲ್ಲ. ಅವಳ ಕೈ ಮಗುವಿನ ಕಾಲನ್ನು ಬಿಟ್ಟಿರಲಿಲ್ಲ.

ನಾನು ಅವಳ ಚೀಲದಿಂದ ಬಾಟಲಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಕಾಲು ಭಾಗ ಉಳಿದಿತ್ತು. ತಳದಲ್ಲಿ ಸುಣ್ಣದಂಥ ಬಿಳಿ ಗಸಿ, ಅದರ ಮೇಲೆ ತೆಳ್ಳಗಿನ ನೀರು. ನಾನು ಕೆಲಸ ಮಾಡುವ ಔಷಧಿ ಅಂಗಡಿಯಿಂದ, ನಾನೇ ಕೊಟ್ಟ ಬಾಟಲಿ.

"ಅತ್ತಿಗೆ, ಕೊಡೋ ಮುಂಚೆ ಕುಲುಕ್ತಿದ್ರಾ?"

"ಕುಲುಕೋದಾ? ನೊರೆ ಬಂದ್ರೆ ಅಳತೆ ತಪ್ಪುತ್ತಲ್ಲ. ಅಲುಗಿಸದೇ ಬಗ್ಗಿಸ್ತಿದ್ದೆ. ಒಂದು ಹನಿ ಆಚೆ ಈಚೆ ಆಗಿಲ್ಲ ಕಣೋ."

ಕರಗಿದ ದ್ರಾವಣಕ್ಕೂ ಕರಗದ ಮಿಶ್ರಣಕ್ಕೂ ಇರುವ ವ್ಯತ್ಯಾಸವನ್ನು ನಾನು ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಒಬ್ಬರ ಮುಖ ನೋಡಿ ಹೇಳಿದ್ದು ಅದೇ ಮೊದಲು.

"ಸಕ್ಕರೆ ನೀರಲ್ಲಿ ಕರಗಿಬಿಡುತ್ತೆ. ಮೊದಲ ಗುಟುಕೂ ಸಿಹಿ, ಕಡೇ ಗುಟುಕೂ ಅಷ್ಟೇ ಸಿಹಿ. ಈ ಔಷಧಿ ಕರಗಿಲ್ಲ ಅತ್ತಿಗೆ, ಬರೀ ಬೆರೆತಿದೆ. ಹಿಟ್ಟು ಕದಡಿದ ನೀರಿನ ಥರ. ಸುಮ್ಮನೆ ಇಟ್ರೆ ಕೆಳಗೆ ಕೂರುತ್ತೆ."

ಅವಳು ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ತಳ ನೋಡಿದಳು.

"ಅಂದ್ರೆ ಮೊದಮೊದಲು ಕುಡಿಸಿದ್ದು ನೀರು. ಅದಕ್ಕೇ ಫಿಟ್ಸ್ ನಿಲ್ಲಲಿಲ್ಲ. ಡಾಕ್ಟ್ರು ಇನ್ನೂ ಜಾಸ್ತಿ ಮಾಡಿದ್ರು. ಈಗ ಕುಡಿಸ್ತಾ ಇರೋದು..."

"ಗಟ್ಟಿ," ಎಂದೆ.

"ಬಾಟಲಿ ಮೇಲೆ ಬರೆದಿರ್ತಾರಲ್ಲೇ!" ಅಣ್ಣ ಎದ್ದು ನಿಂತ. "ಕಣ್ಣೇನು ಬಾಡಿಗೆಗೆ ಕೊಟ್ಟಿದ್ಯಾ?"

ಅವಳು ಬಾಟಲಿಯನ್ನು ಸುತ್ತ ತಿರುಗಿಸಿ ನೋಡಿದಳು. "ಎಲ್ಲಿದೆ? ತೋರ್ಸಿ."

ಎಲ್ಲೂ ಇರಲಿಲ್ಲ. 'ಬೆಳಿಗ್ಗೆ ಒಂದು ಅಳತೆ, ರಾತ್ರಿ ಒಂದು ಅಳತೆ' ಎಂಬ ಅಂಗಡಿಯ ಚೀಟಿ ಮಾತ್ರ ಇತ್ತು. ಅಕ್ಷರ ನನ್ನದು.

ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ. ಜನ ಅದನ್ನು ಗಾಂಭೀರ್ಯ ಎಂದುಕೊಳ್ಳುತ್ತಾರೆ. ನಾನು ಸುಮ್ಮನಿದ್ದಿದ್ದರೆ ಅಣ್ಣ ಔಷಧಿ ಕಂಪನಿಯನ್ನು ಬೈಯುತ್ತಿದ್ದ. ಅತ್ತಿಗೆ ಮಾತ್ರ ಔಷಧಿ ಕುಡಿಸಿದ ತನ್ನ ಕೈಗಳನ್ನೇ ಜೀವಮಾನವಿಡೀ ದೂರುತ್ತಿದ್ದಳು.

ಚೀಟಿಯ ಅಂಚಿಗೆ ಉಗುರು ಹಾಕಿ ಎಬ್ಬಿಸಿದೆ. ಕೆಳಗೆ ಕೆಂಪಕ್ಷರದಲ್ಲಿತ್ತು: ಕುಡಿಸುವ ಮುನ್ನ ಚೆನ್ನಾಗಿ ಕುಲುಕಿ.

"ಇದನ್ನ ಅಂಟಿಸಿದ್ದು ನಾನು," ಎಂದೆ. "ಬಾಯಲ್ಲಾದ್ರೂ ಹೇಳಬೇಕಿತ್ತು. ಹೇಳಲಿಲ್ಲ."

ಎದ್ದು ನಿಂತಿದ್ದ ಅಣ್ಣ ಕೂತುಬಿಟ್ಟ. ಅತ್ತಿಗೆ ಬಾಟಲಿಯನ್ನು ನನ್ನ ಕೈಗಿಟ್ಟಳು.

"ಹೋಗಿ ಡಾಕ್ಟ್ರಿಗೆ ಹೇಳು. ಒಂದು ಮಾತೂ ನುಂಗದೆ ಹೇಳು."

ಹೇಳಿದೆ. ಅವರು ತಾವು ಬರೆದುಕೊಟ್ಟಿದ್ದ ಹಳೆಯ ಚೀಟಿಗಳನ್ನು ಮತ್ತೆ ನೋಡಿ, ಈ ಅಮಲು ಮೂರ್ನಾಲ್ಕು ದಿನದಲ್ಲಿ ಇಳಿಯುತ್ತದೆ, ಆಮೇಲೆ ಮೊದಲಿನ ಕಡಿಮೆ ಅಳತೆಯಿಂದಲೇ ಶುರುಮಾಡೋಣ ಎಂದರು. ಗೊತ್ತಾಗದೇ ಹೋಗಿದ್ದರೆ ಔಷಧಿಯನ್ನೇ ಬದಲಿಸುತ್ತಿದ್ದರಂತೆ.

ವಾರ್ಡಿಗೆ ಮರಳಿದಾಗ ಪುಟ್ಟಿ ಎಚ್ಚರವಾಗಿದ್ದಳು. ಅಮಲು ಇಳಿಯದ, ಅದುರುವ ಕಣ್ಣುಗಳಿಂದ ನನ್ನನ್ನು ನೋಡಿ ತೊದಲಿದಳು: "ಅಮ್ಮಾ, ಚಿಕ್ಕಪ್ಪ ಇಬ್ಬರಿದಾರೆ."

"ಹೌದಾ? ಅವರಲ್ಲಿ ಬಾಯಿ ಬಿಡೋ ಚಿಕ್ಕಪ್ಪ ಯಾರು, ತೋರ್ಸು," ಎಂದಳು ಅತ್ತಿಗೆ. ನನ್ನ ಕಡೆ ತಿರುಗಲಿಲ್ಲ.

ಪುಟ್ಟಿ ಯೋಚಿಸಿ, ನನ್ನ ಎಡಪಕ್ಕದ ಖಾಲಿ ಜಾಗಕ್ಕೆ ಬೆರಳು ಮಾಡಿದಳು.

ನಾನು ಅಲ್ಲಿಗೆ ಸರಿದು ನಿಂತೆ.