ನಿಮಿಷಕ್ಕೆ ಹದಿನೈದು

ಬೆಳಿಗ್ಗೆ ಆರೂವರೆಗೆ ಸರಿಯಾಗಿ ಮೊಮ್ಮಗಳು ಅಜ್ಜನ ಮಣಿಕಟ್ಟು ಹಿಡಿಯುತ್ತಿದ್ದಳು. ಐವತ್ತು ವರ್ಷ ಊರಿನ ಗಡಿಯಾರಗಳನ್ನೆಲ್ಲ ಬಿಚ್ಚಿ ಜೋಡಿಸಿದ ಆ ಕೈ, ಈಗ ತಾನೂ ರಿಪೇರಿಗೆ ಬಂದಂತೆ, ಅವಳ ಮೂರು ಬೆರಳುಗಳ ಕೆಳಗೆ ಸುಮ್ಮನೆ ಮಲಗಿರುತ್ತಿತ್ತು.

“ಏನು ಸಿಸ್ಟರಮ್ಮ, ಪೇಷೆಂಟು ಇದ್ದಾನೋ, ಹೋದನೋ?”

“ಮಾತಾಡಬೇಡ ಅಜ್ಜ, ಲೆಕ್ಕ ತಪ್ಪುತ್ತೆ.”

“ನಿನ್ನ ಲೆಕ್ಕ ತಪ್ಪಿದರೆ ನನ್ನ ಆಯಸ್ಸು ತಪ್ಪುತ್ತಾ?”

ಅವಳು ಬಿ.ಎಸ್ಸಿ. ನರ್ಸಿಂಗಿನ ಎರಡನೆಯ ವರ್ಷದಲ್ಲಿದ್ದಳು. ಮನೆಯ ಹಿರಿಯರೊಬ್ಬರನ್ನು ಇಪ್ಪತ್ತೊಂದು ದಿನ ಗಮನಿಸಿ, ಅವರ ಮೈಬಿಸಿ, ನಾಡಿ, ಉಸಿರುಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದು ಒಪ್ಪಿಸಬೇಕಿತ್ತು. ಅದರ ಮೇಲೆ ಮೇಡಂ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ.

ಉಸಿರನ್ನು ಎಣಿಸುವುದು ಗುಟ್ಟಿನ ಕೆಲಸ. ಎಣಿಸುತ್ತಿದ್ದಾರೆಂದು ತಿಳಿದರೆ ರೋಗಿಯ ಉಸಿರು ತನ್ನ ನಡಿಗೆ ಬದಲಿಸಿಬಿಡುತ್ತದೆ. ಆದ್ದರಿಂದ ನಾಡಿಯ ಲೆಕ್ಕ ಮುಗಿದ ಮೇಲೂ ಕೈ ಬಿಡದೆ, ಇನ್ನೂ ನಾಡಿಯನ್ನೇ ನೋಡುತ್ತಿರುವಂತೆ ನಟಿಸಿ, ಎದೆಯ ಏರಿಳಿತವನ್ನು ಎಣಿಸಬೇಕು. ಅಜ್ಜನಿಗೆ ಇದೆಲ್ಲ ಗೊತ್ತಿತ್ತು. ಗಟ್ಟಿಯಾಗಿ ಓದಿದರಷ್ಟೇ ಪಾಠ ತಲೆಗೆ ಹತ್ತುವ ಹುಡುಗಿ ಅವಳು. ಎರಡು ವರ್ಷದಲ್ಲಿ ಅರ್ಧ ನರ್ಸಿಂಗು ಗೋಡೆಯಾಚೆಯ ಅವನಿಗೂ ಬಾಯಿಪಾಠವಾಗಿತ್ತು.

ಎರಡು ತಿಂಗಳಿಂದ ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಚಪ್ಪಲಿ ಮೆಟ್ಟಲು ಬಗ್ಗಿದರೂ ಎದೆಯೊಳಗೆ ಯಾರೋ ಅವಸರದಲ್ಲಿ ಮೆಟ್ಟಿಲು ಹತ್ತಿದಂತಾಗುತ್ತಿತ್ತು. ಅವನು ಯಾರಿಗೂ ಹೇಳಿರಲಿಲ್ಲ. ಮಗುವಿನ ಪುಸ್ತಕ ಅಚ್ಚುಕಟ್ಟಾಗಿರಲಿ, ಪರೀಕ್ಷೆ ಕಳೆಯಲಿ, ಆಮೇಲೆ ನೋಡಿಕೊಂಡರಾಯಿತು. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು, ಅವಳು ಮಣಿಕಟ್ಟು ಹಿಡಿದ ಆ ಒಂದೆರಡು ನಿಮಿಷ ಅವನು ತನ್ನ ಕಸುಬನ್ನು ಎದೆಗಿಳಿಸುತ್ತಿದ್ದ. ಗಡಿಯಾರ ನೋಡದೆಯೂ ಸೆಕೆಂಡು ಅಳೆಯಬಲ್ಲವನಿಗೆ ಅದೇನು ಮಹಾ? ಎರಡು ಸೆಕೆಂಡು ಒಳಕ್ಕೆ, ಎರಡು ಸೆಕೆಂಡು ಹೊರಕ್ಕೆ. ನಿಮಿಷಕ್ಕೆ ಹದಿನೈದು. ಅವಳು ಹೊಸಿಲು ದಾಟಿದ ಮೇಲೆ ಗೋಡೆಗೊರಗಿ, ತಡೆಹಿಡಿದ ಉಸಿರಿನ ಬಾಕಿಯನ್ನೆಲ್ಲ ಏದುತ್ತಾ ತೀರಿಸುತ್ತಿದ್ದ.

ಇಪ್ಪತ್ತೆರಡನೆಯ ದಿನ ಅವಳು ಕಾಲೇಜಿನಿಂದ ಬಂದವಳೇ ಚೀಲವನ್ನು ಮೂಲೆಗೆಸೆದು ಗೋಡೆ ನೋಡುತ್ತಾ ಕುಳಿತಳು.

“ಯಾಕಮ್ಮ, ಮುಖ ಹರಳೆಣ್ಣೆ ಕುಡಿದ ಹಾಗಿದೆ?”

“ಸಹಿ ಹಾಕಲಿಲ್ಲ ಅಜ್ಜ. ಮೇಡಂ ಎಲ್ಲರೆದುರಿಗೆ ಪುಸ್ತಕ ಎತ್ತಿ ತೋರಿಸಿದರು. ನಾಡಿ ಒಂದಿನ ಎಂಬತ್ತೆಂಟು, ಒಂದಿನ ನೂರೆರಡು. ಉಸಿರು ಮಾತ್ರ ಇಪ್ಪತ್ತೊಂದು ದಿನಾನೂ ಹದಿನೈದೇ. ‘ಇದು ಮನುಷ್ಯನದಾ, ಗೋಡೆ ಗಡಿಯಾರದ್ದಾ?’ ಅಂದರು. ಎಲ್ಲರೂ ನಕ್ಕರು.” ಅವಳ ದನಿ ಒಡೆಯಿತು. “ಎಣಿಸದೇ ಬರೆದೋಳು ನಾಳೆ ವಾರ್ಡಲ್ಲಿ ಯಾರನ್ನ ಕಾಪಾಡ್ತಾಳೆ ಅಂದರು. ನಾನು ಎಣಿಸಿದ್ದೆ ಅಜ್ಜ. ದಿನಾ ಎಣಿಸಿದ್ದೆ.”

“ಈಗ ಏನು ಮಾಡಬೇಕಂತೆ?”

“ಬೇರೆಯೋರನ್ನ ನೋಡಿ ಮೊದಲಿಂದ ಬರೀಬೇಕಂತೆ. ಅಮ್ಮನ್ನ ನೋಡ್ತೀನಿ. ದಿನ ಸಾಲುತ್ತೋ ಇಲ್ಲವೋ.”

ಬಾಯಿ ಮುಚ್ಚಿಕೊಂಡಿದ್ದರೆ ಅಜ್ಜನ ಗುಟ್ಟು ಉಳಿಯುತ್ತಿತ್ತು. ಸೊಸೆಯ ಉಸಿರು ಪುಸ್ತಕ ತುಂಬುತ್ತಿತ್ತು. ತನ್ನ ಉಸಿರಿಗೆ ಯಾರ ಕಣ್ಣೂ ಬೀಳುತ್ತಿರಲಿಲ್ಲ. ಆದರೆ ‘ಎಣಿಸದೇ ಬರೆದೋಳು’ ಎಂಬ ಮಾತು ಆ ಎಳೆಯ ಹಣೆಯ ಮೇಲೆ ಹಾಗೆಯೇ ಕುಳಿತಿರುತ್ತಿತ್ತು. ಆ ರಾತ್ರಿ ಅವನು ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮರುದಿನ, ಅವಳು ಹೋದ ಒಂದು ಗಂಟೆಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಜ್ಜ ಕಾಲೇಜಿನ ಬಾಗಿಲಲ್ಲಿ ನಿಂತಿದ್ದ. ಅಭ್ಯಾಸದ ಕೋಣೆ ಎರಡನೆಯ ಮಹಡಿಯಲ್ಲಿತ್ತು. ಮೂರು ಕಡೆ ನಿಂತು, ಕಂಬಿಯ ಮೇಲೆ ಭಾರ ಬಿಟ್ಟು, ಕೊನೆಗೂ ಆ ಬಾಗಿಲು ತಲುಪಿದಾಗ ಅವನ ಬಾಯಿಂದ ಮಾತು ಹೊರಡಲಿಲ್ಲ. ಸಾಲುಮಂಚಗಳ ನಡುವೆ ಹೊದಿಕೆ ಮಡಿಸುತ್ತಿದ್ದ ಮೊಮ್ಮಗಳು, “ಅಜ್ಜಾ!” ಎಂದು ಓಡಿಬಂದಳು.

“ಕೂತ್ಕೊಳ್ಳಿ ಯಜಮಾನ್ರೇ,” ಎಂದರು ಮೇಡಂ. ನರೆಗೂದಲನ್ನು ಬಿಗಿದು ಕಟ್ಟಿದ ಗಟ್ಟಿ ಹೆಂಗಸು. ಪಕ್ಕದ ಮಂಚದಲ್ಲಿ ಪ್ಲಾಸ್ಟಿಕ್ಕಿನ ಬೊಂಬೆಯೊಂದು ಕತ್ತಿನವರೆಗೆ ಹೊದ್ದು ಮಲಗಿತ್ತು.

“ಇವರು ಹೇಗಿದ್ದಾರೆ?” ಅಜ್ಜ ಏದುಸಿರಿನ ನಡುವೆಯೇ ಕೇಳಿದ.

“ಹತ್ತು ವರ್ಷದಿಂದ ಹಾಗೇ ಇದ್ದಾರೆ. ಆದರೆ ನಮ್ಮ ಹುಡುಗೀರಿಗೆ ಯಾವತ್ತೂ ಸುಳ್ಳು ಹೇಳಿಲ್ಲ.”

“ಸುಳ್ಳು ಹೇಳಿದೋನು ನಾನಮ್ಮ,” ಎಂದ ಅಜ್ಜ. “ಮಗು ಎಣಿಸಿದ್ದು ನಿಜ. ಉಸಿರಾಡಿದ್ದು ಸುಳ್ಳು.” ಗಡಿಯಾರ ರಿಪೇರಿಯಲ್ಲಿ ಕಲಿತ ಎರಡು ಸೆಕೆಂಡಿನ ಆ ಕಸುಬನ್ನು ಅವನು ತಲೆ ತಗ್ಗಿಸಿ ವಿವರಿಸಿದ. ಮೊಮ್ಮಗಳು ಮಡಿಸಿದ ಹೊದಿಕೆಯನ್ನು ಎದೆಗವಚಿಕೊಂಡು ನಿಂತೇ ಇದ್ದಳು.

ಮೇಡಂ ನೀರು ಕೊಟ್ಟು, ಅವನನ್ನು ಕಾಲುಗಂಟೆ ಸುಮ್ಮನೆ ಕೂರಿಸಿದರು. ಆಮೇಲೆ ತಮ್ಮ ಎದೆಯ ಮೇಲೆ ಪಿನ್ನಿನಿಂದ ಚುಚ್ಚಿಕೊಂಡಿದ್ದ ಪುಟ್ಟ ಗಡಿಯಾರ ಬಿಚ್ಚಿ ಅವನ ಅಂಗೈಯಲ್ಲಿಟ್ಟರು. “ಇದು ದಿನಕ್ಕೆ ಐದು ನಿಮಿಷ ಹಿಂದೆ ಬೀಳುತ್ತೆ. ಯಾಕೆ ಅಂತ ಸ್ವಲ್ಪ ನೋಡ್ತೀರಾ?”

ಅಜ್ಜ ಅದನ್ನು ಕಿವಿಗಿಟ್ಟುಕೊಂಡ. ಅಷ್ಟೇ, ಕೋಣೆ, ಮಂಚ, ಬೊಂಬೆ ಎಲ್ಲ ಕರಗಿಹೋದವು. ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಕಿವಿಗಿಟ್ಟು, “ಎಣ್ಣೆ ಆರಿದೆ ತಾಯಿ. ಒಳಗೆ ಧೂಳೂ ಇದೆ. ಪಾಪ, ಎಳೆದುಕೊಂಡು ನಡೀತಿದೆ,” ಎಂದು ತಲೆಯೆತ್ತಿದಾಗ, ಮೊಮ್ಮಗಳ ಕಣ್ಣು ತನ್ನ ಅಂಗಿಯ ಜೇಬಿನ ಮೇಲೆ ನೆಟ್ಟಿರುವುದು ಕಂಡಿತು. ಅವಳ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು.

“ಎಷ್ಟೇ?” ಅಜ್ಜ ಕೇಳಿದ.

“ಇಪ್ಪತ್ತೆಂಟು,” ಎಂದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿರಲಿಲ್ಲ.

ಮೇಡಂ ರೆಕಾರ್ಡ್ ಪುಸ್ತಕ ತೆರೆದರು. “ಹಳೇದನ್ನ ಅಳಿಸಬೇಡ. ನಮ್ಮ ಕೆಲಸದಲ್ಲಿ ಯಾವುದನ್ನೂ ಅಳಿಸಲ್ಲ. ಕೆಳಗೆ ಬರಿ.”

ಅವಳು ಬರೆದಳು: ‘ಇಪ್ಪತ್ತೊಂದೂ ದಿನ ಎಣಿಸಿದ್ದೇನೆ. ಎಣಿಸುವುದು ರೋಗಿಗೆ ತಿಳಿದಿತ್ತು. ಇಂದು ತಿಳಿದಿರಲಿಲ್ಲ: ಇಪ್ಪತ್ತೆಂಟು.’ ಮೇಡಂ ಅದರ ಪಕ್ಕದಲ್ಲೇ ಸಹಿ ಹಾಕಿ, “ನಿನ್ನೆ ನಾನಂದಿದ್ದು ತಪ್ಪು. ಕ್ಲಾಸಲ್ಲೇ ಹೇಳ್ತೀನಿ,” ಎಂದರು. ಮತ್ತೆ ಅಜ್ಜನತ್ತ ತಿರುಗಿದರು: “ಕೆಳಗೆ ನಮ್ಮ ಆಸ್ಪತ್ರೇಲಿ ಎದೆ ಡಾಕ್ಟರಿದ್ದಾರೆ. ಈಗಲೇ ಹೋಗಬೇಕು. ಮಾತು ಬೇಡ.”

ಗಾಲಿಕುರ್ಚಿ ಬಂತು. ಅಜ್ಜ ನಾಚಿಕೊಂಡೇ ಕುಳಿತ. ಆಸ್ಪತ್ರೆಯ ಲಿಫ್ಟಿನತ್ತ ಸಾಗುವ ಉದ್ದನೆಯ ಕಾರಿಡಾರಿನಲ್ಲಿ ಮೊಮ್ಮಗಳು ತಳ್ಳುತ್ತಿದ್ದಳು.

“ಸಿಟ್ಟೇನೇ?”

“ಹೂಂ. ತುಂಬಾ.”

“ಡಾಕ್ಟರು ಮಂಚಕ್ಕೆ ಹಾಕಿಬಿಟ್ಟರೆ?”

“ಹಾಕಲಿ. ಹಾಸಿಗೆ ನಾನೇ ಹಾಸ್ತೀನಿ. ಒಂದು ಸುಕ್ಕೂ ಇಲ್ಲದ ಹಾಗೆ ಹಾಸೋಕೆ ಬರುತ್ತೆ ನನಗೆ. ಅದರಲ್ಲಿ ಹತ್ತಕ್ಕೆ ಹತ್ತು.”

ಅಜ್ಜನಿಗೆ ನಗು ಬಂತು. ನಗುವಿನ ಹಿಂದೆಯೇ ಕೆಮ್ಮು ಬಂತು. ಉಸಿರು ಹಳಿ ತಪ್ಪಿ, ಒಂದರ ಮೇಲೊಂದು ಬಿದ್ದು ಓಡತೊಡಗಿತು. ಅವನು ತಡೆಯಲಿಲ್ಲ. ಅವಳು ಕುರ್ಚಿ ನಿಲ್ಲಿಸಿ, ಅವನ ಬೆನ್ನ ಮೇಲೆ ಅಂಗೈಯಿಟ್ಟು, ಅದು ತಾನಾಗಿ ತಣಿಯುವವರೆಗೆ ಕಾದಳು.